ಅಂಗಳದ ಹುಲ್ಲು, ಬಾವಿಯ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಹೂಗಿಡಗಳ ಬಗ್ಗೆ ಬರೆಯುವಾಗ ಹುಲ್ಲುಹಾಸಿನ ಮಾತು ಒಂದೇ ಸಾಲಿನಲ್ಲಿ ಬಂದಿತ್ತು. ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಅಡೂರಿನವರೆಗೆ ಎಲ್ಲ ಕಡೆಯವರೂ ಅದನ್ನೇ ಹಿಡಿದು ಪತ್ರ ಬರೆದಿದ್ದಾರೆ. ಹೊಸ ಮನೆ ಕಟ್ಟಿಸಿದವರೇ ಜಾಸ್ತಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಈ ಸಲದ ಅಂಕಣವನ್ನು ಪೂರ್ತಿ ಹುಲ್ಲಿಗೇ ಬಿಟ್ಟಿದ್ದೇನೆ. ನನ್ನ ಮನೆ ಪೆರ್ಲದ ಹತ್ತಿರ, ಗುಡ್ಡದ ಓರೆಯಲ್ಲಿ. ಎದುರಿಗೆ 2 ಸೆಂಟ್ಸ್ ಗರಿಕೆ ಇದೆ, ಕೆಳಗೆ ಅಡಿಕೆ ತೋಟ. ಇಲ್ಲಿ ಬರೆಯುವುದೆಲ್ಲ ಈ ಮಣ್ಣು, ಈ ಮಳೆ ನೋಡಿ ಕಲಿತದ್ದು.

ಬದಿಯಡ್ಕದಿಂದ: ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಮನೆ ಕಟ್ಟಿದ್ದೇವೆ. ಎದುರು 5 ಸೆಂಟ್ಸ್ ಜಾಗವನ್ನು ಜೆಸಿಬಿಯಲ್ಲಿ ಸಮತಟ್ಟು ಮಾಡಿಸಿದ್ದೇವೆ. ಎರಡು ಇಂಚು ಕೆಂಪು ಮಣ್ಣು ಹರಡಿ ಮೆಕ್ಸಿಕನ್ ಹುಲ್ಲಿನ ಹಾಸು ಹೊದಿಸಿ ಕೊಡುತ್ತೇವೆ, ಈ ಮೇ ತಿಂಗಳ ಗೃಹಪ್ರವೇಶಕ್ಕೆ ಎಲ್ಲ ಹಸಿರಾಗುತ್ತದೆ ಅಂತ ಕೆಲಸ ವಹಿಸಿಕೊಂಡವರು ಹೇಳುತ್ತಾರೆ. ಮಾಡಿಸಬಹುದೇ?

ಗೃಹಪ್ರವೇಶದ ದಿನ ಹಸಿರು ಇರುತ್ತದೆ. ಬರುವ ಫೆಬ್ರವರಿಗೆ ಇರುವುದಿಲ್ಲ. ಗಟ್ಟಿ ಮುರಕಲ್ಲಿನ ಮೇಲೆ ಎರಡು ಇಂಚು ಮಣ್ಣು ಅಂದರೆ ಕಾವಲಿಗೆ ಹುಯ್ದ ದೋಸೆ ಹಿಟ್ಟಿನ ಹಾಗೆ. ಬಿಸಿಲಿಗೆ ಕಲ್ಲು ಕಾಯುತ್ತದೆ, ಬೇರಿಗೆ ಕೆಳಗೆ ಇಳಿಯಲು ದಾರಿ ಇಲ್ಲ. ಜೂನ್‌ನಲ್ಲಿ ಇನ್ನೊಂದು ಸಂಕಟ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬರುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನೀರು ಕಲ್ಲಿನೊಳಗೆ ಇಂಗದೆ ನಿಂತರೆ ಹುಲ್ಲು ಕೊಳೆಯುತ್ತದೆ, ಹರಿದರೆ ಮಣ್ಣನ್ನೂ ಹೊತ್ತುಕೊಂಡು ಹೋಗುತ್ತದೆ.

ಹುಲ್ಲಿಗೆ ಕನಿಷ್ಠ 6 ಇಂಚು ಮಣ್ಣು ಬೇಕು, 8 ಇದ್ದರೆ ಒಳ್ಳೆಯದು. ಲೆಕ್ಕ ಹಾಕಿ ನೋಡಿ. 5 ಸೆಂಟ್ಸ್ ಅಂದರೆ ಸುಮಾರು 2180 ಚದರ ಅಡಿ. ಅದಕ್ಕೆ 6 ಇಂಚು ಮಣ್ಣು ಅಂದರೆ ಸುಮಾರು 1090 ಘನ ಅಡಿ, ನಮ್ಮ ಕಡೆಯ ಲೆಕ್ಕದಲ್ಲಿ 11 ಯೂನಿಟ್. ಖರ್ಚು ಹಾಗಿರಲಿ, ಅಷ್ಟು ಮಣ್ಣು ತರುವುದಕ್ಕೆ ಇನ್ನೊಂದು ಗುಡ್ಡ ಕಡಿಯಬೇಕಲ್ವಾ? ಆದ್ದರಿಂದ 5 ಸೆಂಟ್ಸ್ ಬೇಡ. ಜಗಲಿಯಿಂದ ಕಣ್ಣಿಗೆ ಬೀಳುವ ಒಂದೂವರೆ ಸೆಂಟ್ಸ್ ಆರಿಸಿ, ಅಲ್ಲಿ ಮಾತ್ರ ಆಳವಾಗಿ ಮಣ್ಣು ತುಂಬಿಸಿ. ಉಳಿದ ಜಾಗದಲ್ಲಿ ಗುಂಡಿ ತೆಗೆದು ನಾಲ್ಕು ಹಣ್ಣಿನ ಗಿಡ ನೆಡಿ.

ಗದ್ದೆ ಮಣ್ಣು ಕೊಡುತ್ತೇವೆ ಅಂತ ಯಾರಾದರೂ ಬಂದರೆ ದಯವಿಟ್ಟು ತೆಗೆದುಕೊಳ್ಳಬೇಡಿ. ಇದ್ದಬದ್ದ ಗದ್ದೆಗಳನ್ನು ಉಳಿಸಲೆಂದೇ ಕೇರಳದಲ್ಲಿ 2008ರಲ್ಲಿ ಕಾನೂನು ಬಂತು. ಗದ್ದೆಯ ಮೇಲ್ಮಣ್ಣು ಭತ್ತಕ್ಕೆ ಇರಬೇಕು, ಹುಲ್ಲುಹಾಸಿಗಲ್ಲ. ಅದರ ಜೊತೆಗೆ ಜೇಕು ಎಂಬ ಕಳೆಯ ಗೆಡ್ಡೆಯೂ ಬರುತ್ತದೆ, ಆಮೇಲೆ ಅದು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ.

ಈಗ ಮೇ ತಿಂಗಳಲ್ಲಿ ಮಾಡಬೇಕಾದ್ದು ಮಣ್ಣಿನ ಕೆಲಸ ಮಾತ್ರ. ಜಾಗಕ್ಕೆ ಮನೆಯಿಂದ ಹೊರಮುಖವಾಗಿ ಹತ್ತು ಅಡಿಗೆ ಒಂದೂವರೆ, ಎರಡು ಇಂಚಿನಷ್ಟು ಇಳಿಜಾರು ಇರಲಿ. ತಗ್ಗಿನ ಅಂಚಿಗೆ ಒಂದು ವರಸೆ ಮುರಕಲ್ಲು ಕಟ್ಟಿ, ನಡುವೆ ನೀರು ಹೋಗಲು ಸಂದು ಬಿಡಿ. ಮಣ್ಣು ತುಂಬಿಸುವ ಮುಂಚೆ ಹಾರೆಯಲ್ಲಿ ಕಲ್ಲಿನ ಮೈಯನ್ನು ಅಲ್ಲಲ್ಲಿ ಒಡೆಸಿ. ಕೆಂಪು ಮಣ್ಣು ಬಿದ್ದ ಮೇಲೆ ಸುಣ್ಣ. ನಮ್ಮದು ಹುಳಿ ಮಣ್ಣು. ಅಷ್ಟು ಮಳೆ ತೊಳೆದ ಮೇಲೆ ಮಣ್ಣಿನಲ್ಲಿ ಕ್ಯಾಲ್ಸಿಯಂ, ಪೊಟ್ಯಾಶ್ ಉಳಿಯುವುದಾದರೂ ಹೇಗೆ? ಇರುವ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ಸಿಗುವುದಿಲ್ಲ. ಸಾಮಾನ್ಯವಾಗಿ ಸೆಂಟಿಗೆ 2ರಿಂದ 3 ಕಿಲೋ ಸುಣ್ಣದ ಹುಡಿ ಅಥವಾ ಡಾಲಮೈಟ್ ಸಾಕು. ನಾಲ್ಕೈದು ಕಡೆ 6 ಇಂಚು ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ನಿಮ್ಮ ಪಂಚಾಯತಿನ ಕೃಷಿಭವನಕ್ಕೆ ಪರೀಕ್ಷೆಗೆ ಕೊಟ್ಟರೆ ಇನ್ನೂ ಒಳ್ಳೆಯದು. ಸುಣ್ಣ ಮತ್ತು ಸೆಗಣಿ ಗೊಬ್ಬರ ಒಟ್ಟಿಗೆ ಹಾಕಬೇಡಿ, ಸಾರಜನಕ ಆವಿಯಾಗಿ ಹೋಗುತ್ತದೆ. ನಡುವೆ 15 ದಿನ ಬಿಡಿ.

ಪತ್ತನಾಜೆ (ಮೇ ಕೊನೆ) ಕಳೆದು ಮಳೆ ಹಿಡಿದ ಕೂಡಲೇ ಅಲ್ಲಿ ಹಸಿರು ಗೊಬ್ಬರದ ಗಿಡ ಡಯಂಚ ಬಿತ್ತಿ. ಜೂನ್, ಜುಲೈಯ ಹೊಡೆತಕ್ಕೆ ಮಣ್ಣು ಹೋಗದ ಹಾಗೆ ಅದು ಹಿಡಿದುಕೊಳ್ಳುತ್ತದೆ. ಆಟಿಯಲ್ಲಿ (ಜುಲೈ-ಆಗಸ್ಟ್) ಮಳೆ ಸ್ವಲ್ಪ ಬಿಟ್ಟಾಗ ಕಡಿದು ಮಣ್ಣಿಗೆ ಸೇರಿಸಿ, ಸೆಂಟಿಗೆ 150 ಕಿಲೋದಷ್ಟು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಹಾಕಿ, ಎದ್ದ ಕಳೆಯನ್ನೆಲ್ಲ ಕಿತ್ತುಬಿಡಿ. ಹುಲ್ಲು ನೆಡುವುದು ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್). ಮಳೆಯ ಆರ್ಭಟ ಇಳಿದಿರುತ್ತದೆ, ಹದ ಇರುತ್ತದೆ, ಮುಂದೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆಯೂ ಬರಲಿಕ್ಕಿದೆ. ಎರಡು ಮೂರು ಗಂಟು ಇರುವ ಬಳ್ಳಿಗಳನ್ನು 4ರಿಂದ 6 ಇಂಚು ಅಂತರದಲ್ಲಿ ಊರಿ. ಗರಿಕೆಯಾದರೆ ಎರಡು ಮೂರು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಮೆಕ್ಸಿಕನ್ ಹುಲ್ಲು ನೋಡಲು ಚಂದ, ನಿಜ. ಆದರೆ ಬಹಳ ನಿಧಾನ, ನೀರು ಕೇಳುತ್ತದೆ, ವರ್ಷ ಕಳೆದಂತೆ ಗುಪ್ಪೆ ಗುಪ್ಪೆಯಾಗಿ ಏಳುತ್ತದೆ, ನಡುವೆ ಬಂದ ಕಳೆ ಕೀಳಲು ಬೆರಳು ತೂರುವುದಿಲ್ಲ. ಪದವಿನ ಮನೆಗೆ ನಾನು ಗರಿಕೆಯನ್ನೇ ಹೇಳುವುದು.

ಉಪ್ಪಳದಿಂದ: ಸಮುದ್ರದ ಪಕ್ಕ ಮನೆ. ನೆಲ ಪೂರ್ತಿ ಹೊಯಿಗೆ (ಮರಳು). ಎರಡು ಸಲ ಹುಲ್ಲು ಹಾಕಿಸಿದೆವು, ಎರಡು ಸಲವೂ ತುದಿ ಸುಟ್ಟ ಹಾಗಾಗಿ ಹೋಯಿತು.

ಯಾವ ಹುಲ್ಲು ಅಂತ ಬರೆದಿಲ್ಲ. ತುದಿ ಸುಡುವುದು ಉಪ್ಪುಗಾಳಿಯಿಂದಲೂ ಆಗಬಹುದು, ಬಾವಿ ನೀರಿನಿಂದಲೂ ಆಗಬಹುದು. ಏಪ್ರಿಲ್, ಮೇಯಲ್ಲಿ ಕರಾವಳಿಯ ಬಾವಿಗಳಲ್ಲಿ ನೀರು ಸವಳಾಗುತ್ತದೆ. ನಾಲಗೆಗೆ ಉಪ್ಪು ತಿಳಿದರೆ ಆ ನೀರು ಅಗಲ ಎಲೆಯ ಹುಲ್ಲಿಗೆ ಆಗದು. ನಿಮಗೆ ಹೊಂದುವುದು ನರ್ಸರಿಯಲ್ಲಿ ಪಾಸ್ಪಾಲಮ್ ಅಂತ ಸಿಗುವ ಕಡಲತೀರದ ಹುಲ್ಲು. ಉಪ್ಪು ತಾಳುವುದರಲ್ಲಿ ಅದನ್ನು ಮೀರಿಸಿದ್ದು ಕಡಿಮೆ. ಅದು ಸಿಗದಿದ್ದರೆ ಗರಿಕೆ.

ಹೊಯಿಗೆಯಲ್ಲಿ ನೀರೂ ನಿಲ್ಲುವುದಿಲ್ಲ, ಗೊಬ್ಬರವೂ ನಿಲ್ಲುವುದಿಲ್ಲ. ತೆಂಗಿನ ನಾರಿನ ಹುಡಿಯನ್ನು ಕಾಂಪೋಸ್ಟ್ ಮಾಡಿ ಮೇಲಿನ 6 ಇಂಚಿಗೆ ಧಾರಾಳ ಬೆರೆಸಿ. ಹಸಿ ಹುಡಿ ಬೇಡ, ಅದು ಕಳಿಯುವಾಗ ಮಣ್ಣಿನ ಸಾರಜನಕವನ್ನೇ ತಿನ್ನುತ್ತದೆ. ಗೊಬ್ಬರ ಯಾವಾಗಲೂ ಸ್ವಲ್ಪ ಸ್ವಲ್ಪ. ಯೂರಿಯಾ ಹಾಕುವುದಿದ್ದರೆ ಸೆಂಟಿಗೆ 200 ಗ್ರಾಂ ಮೀರಬೇಡಿ, ಅದೂ ಸೆಪ್ಟೆಂಬರಿನ ನಂತರ. ಜುಲೈಯಲ್ಲಿ ಹಾಕಿದ್ದು ಹುಲ್ಲಿಗೆ ಸಿಗುವ ಮೊದಲೇ ಬಾವಿಗೆ ಇಳಿಯುತ್ತದೆ, ಆ ಬಾವಿಯ ನೀರನ್ನೇ ನೀವು ಕುಡಿಯುವುದಲ್ವಾ?

ಬಾಯಾರಿನಿಂದ: ಡಿಸೆಂಬರ್ ತನಕ ಹುಲ್ಲು ಚೆನ್ನಾಗಿತ್ತು. ಮಾರ್ಚ್ ಬರುವಾಗ ಕಂದು ಬಣ್ಣ. ದಿನಾ ಸಂಜೆ ಪೈಪಿನಲ್ಲಿ ನೀರು ಹಿಡಿಯುತ್ತೇನೆ. ಆದರೆ ಬಾವಿಯಲ್ಲಿ ಈಗ ಮೋಟಾರು ಅರ್ಧ ಗಂಟೆಗೆ ಗಾಳಿ ಎಳೆಯುತ್ತದೆ. ಹುಲ್ಲು ಉಳಿಸಲು ಬೋರ್‌ವೆಲ್ ಕೊರೆಸಬೇಕೇ?

ಬೇಡ. ಬೇಡವೇ ಬೇಡ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಹಲವು ಪತ್ರಗಳಲ್ಲಿ ಇದೆ, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ನಮ್ಮ ಬೇಸಿಗೆಯಲ್ಲಿ ಹುಲ್ಲು ಪೂರ್ತಿ ಹಸಿರಾಗಿ ಇರಬೇಕಾದರೆ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬೇಕು. ಒಂದು ಸೆಂಟ್ ಅಂದರೆ 40 ಚದರ ಮೀಟರ್. ದಿನಕ್ಕೆ 200 ಲೀಟರ್ ಆಯಿತು. ನಿಮ್ಮ ಹುಲ್ಲು 4 ಸೆಂಟ್ಸ್ ಅಂತ ಬರೆದಿದ್ದೀರಿ. ದಿನಕ್ಕೆ 800 ಲೀಟರ್. ಒಂದು ಮನೆಯವರು ಕುಡಿದು, ಬೇಯಿಸಿ, ಮಿಂದು, ಬಟ್ಟೆ ಒಗೆದರೂ ಅಷ್ಟು ಮುಗಿಯುವುದು ಕಷ್ಟ. ಮಳೆ ನಿಂತು ಮತ್ತೆ ಮಳೆ ಹಿಡಿಯುವ ತನಕ ನಮಗೆ ಐದಾರು ತಿಂಗಳು. ಮುರಕಲ್ಲಿನ ನೆಲ ಮಳೆಗಾಲದಲ್ಲಿ ಎಷ್ಟು ಬೇಗ ನೀರು ಕುಡಿಯುತ್ತದೋ ಅಷ್ಟೇ ಬೇಗ ಹಳ್ಳಕ್ಕೆ ಬಿಟ್ಟುಕೊಡುತ್ತದೆ. ಅದಕ್ಕೇ 3000 ಮಿಲಿಮೀಟರ್ ಮಳೆ ಬಂದ ಊರಿನಲ್ಲಿ ಏಪ್ರಿಲಿಗೆ ಟ್ಯಾಂಕರ್ ಬರುವುದು.

ನಿಮ್ಮ ಬಾಯಾರಿನಲ್ಲೇ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳು ಎಷ್ಟಿವೆ ನೋಡಿ. ಪಂಪು ಬೇಡ, ಕರೆಂಟು ಬೇಡ, ಗುಡ್ಡ ಕೊಟ್ಟಷ್ಟು ನೀರು ತಾನಾಗಿ ತೊಟ್ಟಿಗೆ ಹರಿದು ಬರುತ್ತದೆ. ಅಷ್ಟರಲ್ಲೇ ಮನೆ, ಹಟ್ಟಿ, ತೋಟ ನಡೆಸಿದವರು ನಮ್ಮ ಹಿರಿಯರು. ಬೋರ್‌ವೆಲ್ ಕೊರೆದರೆ ನಿಮಗೆ ಎರಡು ಬೇಸಿಗೆ ನೀರು ಸಿಕ್ಕೀತು. ಆದರೆ ಪಕ್ಕದವರ ಬಾವಿಗೋ ಸುರಂಗಕ್ಕೋ ಬರುವ ಒರತೆ ಅದರಿಂದ ಕಡಿಮೆಯಾದರೆ ಅದನ್ನು ಮರಳಿ ಕೊಡಲು ಆಗುವುದಿಲ್ಲ. ಹುಲ್ಲಿಗೋಸ್ಕರ ಅಷ್ಟು ದೂರ ಹೋಗಬೇಡಿ.

ಕಂದಿದ ಹುಲ್ಲು ಸತ್ತ ಹುಲ್ಲಲ್ಲ. ಮುಖ್ಯವಾಗಿ ಹೇಳಬೇಕಾದ್ದು ಇದೇ. ಗರಿಕೆ ನೀರು ಸಾಲದಾಗ ಎಲೆ ಒಣಗಿಸಿ, ನೆಲಕ್ಕೆ ಅಂಟಿದ ಗಂಟಿನಲ್ಲಿ ಮತ್ತು ಬೇರಿನಲ್ಲಿ ಜೀವ ಇಟ್ಟುಕೊಂಡು ಸುಮ್ನೆ ಕಾಯುತ್ತದೆ. ಪದವಿನ ಗರಿಕೆಯನ್ನು ಮೇ ತಿಂಗಳಲ್ಲಿ ನೋಡಿ, ಮತ್ತೆ ಒಂದು ಒಳ್ಳೆಯ ಮಳೆ ಬಿದ್ದ ವಾರದ ಮೇಲೆ ನೋಡಿ. ಅದಕ್ಕೆ ಯಾರು ನೀರು ಹಾಕಿದರು? ನಿಮ್ಮ ಎದುರಿನದ್ದನ್ನೂ ಹಾಗೆಯೇ ಮಲಗಲು ಬಿಡಿ. ಗಂಟು ಪೂರ್ತಿ ಒಣಗದ ಹಾಗೆ ಎರಡು ಮೂರು ವಾರಕ್ಕೊಮ್ಮೆ, ಸೆಂಟಿಗೆ 400 ಲೀಟರಿನಷ್ಟು, ಬೆಳಗಿನ ಜಾವ ಒಂದೇ ಸಲ ನಿಧಾನವಾಗಿ ಕೊಟ್ಟರೆ ಸಾಕು. ದಿನಾ ಸಂಜೆ ಪೈಪು ಹಿಡಿಯುವುದನ್ನು ಇವತ್ತೇ ನಿಲ್ಲಿಸಿ. ಆ ನೀರು ಒಂದು ಇಂಚು ಕೆಳಗಿಳಿಯುತ್ತದೆ, ಬೇರೂ ಅಲ್ಲೇ ನಿಲ್ಲುತ್ತದೆ, ಮರುದಿನ ಮಧ್ಯಾಹ್ನ ಎರಡೂ ಒಣಗುತ್ತವೆ.

ಮುಂದಿನ ವರ್ಷಕ್ಕೆ ನವೆಂಬರಿನಿಂದಲೇ ಅಭ್ಯಾಸ ಮಾಡಿಸಿ. ಐದಾರು ದಿನಕ್ಕೊಮ್ಮೆ ಆಳಕ್ಕೆ ನೀರು. ನವೆಂಬರ್ ಕಳೆದ ಮೇಲೆ ಯೂರಿಯಾ ಬೇಡ. ಬದಲಿಗೆ ಅಕ್ಟೋಬರಿನಲ್ಲಿ ಸ್ವಲ್ಪ ಪೊಟ್ಯಾಶ್ ಕೊಡಿ, ಒಣಗು ತಾಳಲು ಅದು ನೆರವಾಗುತ್ತದೆ. ಎತ್ತರ ಬಿಟ್ಟು ಕತ್ತರಿಸಿ. ಕಂದಿದ ಮೇಲೆ ಅದರ ಮೇಲೆ ಕ್ರಿಕೆಟ್ ಆಡಿಸಬೇಡಿ, ಕಾರು ನಿಲ್ಲಿಸಬೇಡಿ. ಅಕ್ಕಿ, ತರಕಾರಿ ತೊಳೆದ ನೀರು ಹಾಕಬಹುದು. ವಾಷಿಂಗ್ ಮೆಷಿನ್ನಿನ ನೀರು ದಿನಾ ಒಂದೇ ಜಾಗಕ್ಕೆ ಬಿಟ್ಟರೆ ಸೋಡಿಯಂ ಸೇರಿ ಮಣ್ಣು ಕೆಡುತ್ತದೆ.

ಒಂದು ಎಚ್ಚರಿಕೆ. ನರ್ಸರಿಯವರು ಬಫೆಲೋ ಹುಲ್ಲು ಅಥವಾ ಕಾರ್ಪೆಟ್ ಹುಲ್ಲು ಅನ್ನುವ ಅಗಲ ಎಲೆಯದಕ್ಕೆ ಈ ಉಪಾಯ ನಡೆಯದು. ಅದರ ಬೇರು ಮೇಲ್ಮೇಲೆ. ಬಿಸಿಲಿನಲ್ಲಿ ಪೂರ್ತಿ ಒಣಗಿದರೆ ಅದರಲ್ಲಿ ಹೆಚ್ಚಿನದು ಹೋಗಿಬಿಡುತ್ತದೆ.

ಮುಳ್ಳೇರಿಯದವರು: ಹಲಸಿನ ಮರದ ಅಡಿಯಲ್ಲಿ ಹುಲ್ಲು ಬರುವುದೇ ಇಲ್ಲ. ಕೊಂಬೆ ಕಡಿಸೋಣವೇ?

ಹಲಸಿನ ಕೊಂಬೆ ಕಡಿಸಿ ಹುಲ್ಲು ಬೆಳೆಸುವುದು ನನಗೆ ಸರಿ ಕಾಣುವುದಿಲ್ಲ. ಗರಿಕೆಗೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ಅದು ಅಲ್ಲಿ ಬಾರದು. ಈಗ ಹೇಳಿದ ಅಗಲ ಎಲೆಯ ಹುಲ್ಲು ಚದುರಿದ ನೆರಳಿನಲ್ಲಿ, ಹುಳಿ ಮಣ್ಣಿನಲ್ಲಿ ಚೆನ್ನಾಗಿ ಬರುತ್ತದೆ. ತೆಂಗಿನ ಅಡಿಗೆ ಅದೇ ಸರಿ. ಹಲಸಿನ ದಟ್ಟ ನೆರಳಿಗೆ ಅದೂ ಸೋಲುತ್ತದೆ. ಅಲ್ಲಿ ಎಲೆ ಬೀಳಲಿ, ಹಾಗೇ ಇರಲಿ. ಅಂಚಿಗೆ ಹಳದಿ ಹೂ ಬಿಡುವ ಕಾಡು ಕಡಲೆಬಳ್ಳಿ ಹಬ್ಬಿಸಬಹುದು, ಅದನ್ನು ಕತ್ತರಿಸುವ ಕೆಲಸವೂ ಕಡಿಮೆ.

ಕುಂಬಳೆಯಿಂದ: ಹುಲ್ಲಿನ ನಡುವೆ ಜೇಕು ತುಂಬಿದೆ. ಕಿತ್ತಷ್ಟೂ ಜಾಸ್ತಿ ಆಗುತ್ತದೆ. ಯಾವ ಕಳೆನಾಶಕ ಹೊಡೆಯಬೇಕು? ಪ್ರಮಾಣವನ್ನೂ ತಿಳಿಸಿ.

ಪ್ರಮಾಣ ತಿಳಿಸುವುದಿಲ್ಲ, ಕ್ಷಮಿಸಿ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ಅದು ಕೀಟನಾಶಕ, ನೀವು ಕೇಳಿದ್ದು ಕಳೆನಾಶಕ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆಯಿತು. ಆದರೆ ಎಣ್ಮಕಜೆಯ ಮನೆಗಳಲ್ಲಿ ಇವತ್ತಿಗೂ ಮಕ್ಕಳನ್ನು ಎತ್ತಿ ಸ್ನಾನ ಮಾಡಿಸುವ ತಾಯಂದಿರಿದ್ದಾರೆ. ನಾನು ಇರುವುದು ಅದೇ ಪಂಚಾಯತಿನಲ್ಲಿ. ಮಕ್ಕಳು ಬರಿಗಾಲಲ್ಲಿ ಓಡುವ, ಪಕ್ಕದಲ್ಲೇ ಬಾವಿ ಇರುವ ಅಂಗಳಕ್ಕೆ, ಬರೀ ಚಂದಕ್ಕೋಸ್ಕರ ವಿಷ ಹೊಡೆಯಿರಿ ಅಂತ ನನ್ನ ಕೈ ಬರೆಯುವುದಿಲ್ಲ.

ಕೈಕೆಲಸದಿಂದಲೇ ಇದು ಆಗುತ್ತದೆ, ತಾಳ್ಮೆ ಬೇಕು. ಜೇಕನ್ನು ಕಿತ್ತಾಗ ಮೇಲಿನ ಗರಿ ಮಾತ್ರ ಕೈಗೆ ಬರುತ್ತದೆ, ಸರಪಳಿಯಂತೆ ಹೆಣೆದ ಗೆಡ್ಡೆ ಕೆಳಗೇ ಉಳಿದು ಪ್ರತಿಯೊಂದೂ ಚಿಗುರುತ್ತದೆ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಸಣ್ಣ ಮುಳ್ಳುಗುದ್ದಲಿಯಲ್ಲಿ ಗೆಡ್ಡೆ ಸಮೇತ ಎಬ್ಬಿಸಿ. ಎರಡು ಮೂರು ವಾರ ಕಳೆದು ಮತ್ತೆ ಬಂದದ್ದನ್ನು ಮತ್ತೆ ತೆಗೆಯಿರಿ. ಹೊಸ ಗೆಡ್ಡೆ ಕಟ್ಟಲು ಸಮಯ ಕೊಡದಿದ್ದರೆ ಹಳೆಯ ಗೆಡ್ಡೆಯ ಶಕ್ತಿ ಮುಗಿಯುತ್ತದೆ. ಹುಲ್ಲನ್ನು ಬೋಳಾಗಿ ಕತ್ತರಿಸಬೇಡಿ. ಜೇಕಿಗೆ ನೆರಳು ಆಗುವುದಿಲ್ಲ, ಎರಡು ಇಂಚಿನ ದಟ್ಟ ಹುಲ್ಲು ಅದನ್ನು ಒತ್ತಿ ಹಿಡಿಯುತ್ತದೆ. ಹೊಸದಾಗಿ ನೆಡುವವರು ಮಾರ್ಚ್, ಏಪ್ರಿಲಿನಲ್ಲಿ ಮಣ್ಣಿಗೆ ನೀರು ಹಾಕಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ಐದಾರು ವಾರ ಬಿಡಿ. ಬಿಸಿಗೆ ಕಳೆಬೀಜಗಳು ಬಹುಮಟ್ಟಿಗೆ ಸಾಯುತ್ತವೆ, ಜೇಕೂ ಸ್ವಲ್ಪ ಕಡಿಮೆಯಾಗುತ್ತದೆ. ಮುಟ್ಟಿದರೆ ಮುನಿ ಇದ್ದರೆ ಹೂ ಬಿಡುವ ಮುಂಚೆ ಬುಡ ಸಮೇತ ತೆಗೆಯಿರಿ.

ಅಡೂರಿನಿಂದ: ಹುಲ್ಲು ಬೆಳೆಸಿದರೆ ಹಾವು ಬರುತ್ತದೆ ಅಂತ ಅತ್ತೆ ಬೇಡ ಅನ್ನುತ್ತಾರೆ.

ಅತ್ತೆಯವರ ಹೆದರಿಕೆ ಎತ್ತರದ ಹುಲ್ಲಿಗೆ ಸರಿ. ಎರಡು ಇಂಚಿನಲ್ಲಿ ಇಟ್ಟ ಹುಲ್ಲಿನಲ್ಲಿ ಹಾವಿಗೆ ಅಡಗಲು ಜಾಗ ಇಲ್ಲ. ಬಂದರೆ ಕಾಣುತ್ತದೆ. ಅದು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು. ಗೋಡೆಗೆ ಒರಗಿಸಿದ ಕಟ್ಟಿಗೆ, ತೆಂಗಿನಕಾಯಿ ಸಿಪ್ಪೆಯ ರಾಶಿ, ಉಳಿದ ಕಲ್ಲು, ಇವನ್ನು ಮನೆಯಿಂದ ದೂರ ಇಡಿ. ರಾತ್ರಿ ಟಾರ್ಚ್ ಇಲ್ಲದೆ ಇಳಿಯಬೇಡಿ.

ಪೈವಳಿಕೆಯಿಂದ: ಮಳೆಗಾಲದಲ್ಲಿ ಹುಲ್ಲಿನ ನಡುವೆ ಹಾವಸೆ ಕಟ್ಟುತ್ತದೆ. ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣ ಅದಕ್ಕೆ ಹೊಡೆಯಬಹುದೇ?

ಬೇಡ. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಹೊಡೆಯುವುದು ಬೇರೆ, ನೆಲಕ್ಕೆ ಸುರಿಯುವುದು ಬೇರೆ. ಆ ದ್ರಾವಣದಲ್ಲಿರುವ ಮೈಲುತುತ್ತಿನ ತಾಮ್ರ ಕರಗಿ ಹೋಗುವುದಿಲ್ಲ, ಮಣ್ಣಿನಲ್ಲೇ ಉಳಿದು ವರ್ಷ ವರ್ಷ ಸೇರುತ್ತದೆ, ಎರೆಹುಳಕ್ಕೆ ಅದು ಆಗದು. ಹಾವಸೆ ಬಂತು ಅಂದರೆ ಅಲ್ಲಿ ಮಣ್ಣು ಬಿಗಿದಿದೆ, ನೀರು ನಿಲ್ಲುತ್ತಿದೆ, ನೆರಳು ಜಾಸ್ತಿ ಇದೆ ಅಂತ ಅರ್ಥ. ಮಳೆ ಬಿಟ್ಟಾಗ ಮುಳ್ಳುಗುದ್ದಲಿಯಿಂದ ನಾಲ್ಕು ಇಂಚು ಆಳಕ್ಕೆ ಚುಚ್ಚಿ, ತೂತಿಗೆ ಕಾಂಪೋಸ್ಟ್ ಬೆರೆಸಿದ ಹೊಯಿಗೆ ತುಂಬಿ. ನೀರಿಗೆ ದಾರಿ ಮಾಡಿ.

ಶೇಣಿಯವರು: ಬೆಂಗಳೂರಿನಲ್ಲಿರುವ ಮಗ ಇಡೀ ಅಂಗಳಕ್ಕೆ ಹುಲ್ಲು ಹಾಕಿಸೋಣ, ಇಲ್ಲದಿದ್ದರೆ ಇಂಟರ್‌ಲಾಕ್ ಹಾಕಿಸೋಣ ಅನ್ನುತ್ತಾನೆ. ನಮಗೆ ಅಡಿಕೆ ಒಣಗಿಸಲು ಅಂಗಳ ಬೇಕು. ಏನು ಹೇಳಲಿ?

ಅಂಗಳ ಅಂಗಳವಾಗಿಯೇ ಇರಲಿ ಅಂತ ಹೇಳಿ. ಸಿಪ್ಪೆ ಸಮೇತ ಒಣಗಿಸುವ ಚಾಲಿ ಅಡಿಕೆಗೆ 35, 40 ದಿನದ ಬಿಸಿಲು ಬೇಕು. ಅಡಿಯಲ್ಲಿ ಹುಲ್ಲಿದ್ದರೆ ರಾತ್ರಿ ಅದರ ತೇವ ಅಡಿಕೆಗೆ ಏರಿ ಬೂಸ್ಟು ಹಿಡಿಯುತ್ತದೆ. ತೋಟದ ದುಡ್ಡು ಒಣಗುವ ಜಾಗ ಅದು. ಇಂಟರ್‌ಲಾಕ್ ಇಡೀ ಅಂಗಳಕ್ಕೆ ಬೇಡ ಅನ್ನುವುದೇ ನನ್ನ ಮಾತು. ಏಪ್ರಿಲಿನ ಮಧ್ಯಾಹ್ನ ಮನೆಯೊಳಗಿನ ಸೆಕೆ ಹೆಚ್ಚುತ್ತದೆ, ಜೂನಿನಲ್ಲಿ ಇಂಗಬೇಕಾದ ನೀರೆಲ್ಲ ರಸ್ತೆಗೆ ಓಡುತ್ತದೆ.

ಮಗನ ಆಸೆಗೂ ಜಾಗ ಇದೆ. ಅಂಗಳದ ಕೆಳಗಿನ ಅಂಚಿಗೆ, ನೀರು ಇಳಿದು ಹೋಗುವ ಕಡೆ, ಹತ್ತು ಅಡಿ ಅಗಲಕ್ಕೆ ಹುಲ್ಲು ಬಿಡಿ. ಅಂಗಳದಿಂದ ಬರುವ ಕೆಸರು ನೀರನ್ನು ಅದು ತಡೆದು ಇಂಗಿಸುತ್ತದೆ. ನಮ್ಮಲ್ಲಿ ಹಾಗೆಯೇ ಇದೆ. ಆಟಿಯಲ್ಲಿ ಅಂಗಳ ಜಾರದ ಹಾಗೆ ಸೋಗೆ ಹಾಸುತ್ತೀರಲ್ಲ, ಅದನ್ನು ಹುಲ್ಲಿನ ಮೇಲೆ ಬಿಡಬೇಡಿ, ಅಡಿಯಲ್ಲಿ ಕೊಳೆಯುತ್ತದೆ.

ನೀರ್ಚಾಲಿನಿಂದ: ಸೆಪ್ಟೆಂಬರಿನಲ್ಲಿ ಹುಲ್ಲು ಅಲ್ಲಲ್ಲಿ ಹಳದಿಯಾಗಿ, ಎತ್ತಿದರೆ ಚಾಪೆಯ ಹಾಗೆ ಕೈಗೆ ಬರುತ್ತದೆ. ಕಾಗೆಗಳು ಬಂದು ಕುಕ್ಕುತ್ತವೆ.

ಬೇರುಹುಳ. ಅಡಿಕೆ, ತೆಂಗಿನ ಬೇರು ತಿನ್ನುವುದೂ ಅದೇ ಬಿಳಿ ಹುಳ. ಸಣ್ಣದಿರುವಾಗ ಅದು ಹುಲ್ಲಿನ ಬೇರು ತಿಂದು ಬೆಳೆಯುತ್ತದೆ. ಹಾಗಾಗಿ ತೋಟದ ಪಕ್ಕ ಹುಲ್ಲು ಇಟ್ಟವರು ಇದನ್ನು ಬಿಟ್ಟುಬಿಡಬಾರದು. ಹಳದಿಯಾದಲ್ಲಿ ಒಂದು ಅಡಿ ಅಗಲ, ಉದ್ದಕ್ಕೆ ಬಿಡಿಸಿ ನೋಡಿ. ಹುಳ ಸಿಕ್ಕಿದರೆ ಆ ಭಾಗವನ್ನು ಪೂರ್ತಿ ಎಬ್ಬಿಸಿ ಹೆಕ್ಕಿ, ಕೋಳಿಗಳಿದ್ದರೆ ಬಿಡಿ. ಕಾಗೆಯನ್ನು ಓಡಿಸಬೇಡಿ, ಅದು ನಿಮ್ಮ ಕೆಲಸವನ್ನೇ ಮಾಡುತ್ತಿದೆ. ಹುಳದೊಳಗೆ ಹೊಕ್ಕು ಕೊಲ್ಲುವ ಸೂಕ್ಷ್ಮ ಜಂತುಹುಳಗಳನ್ನು ಮಣ್ಣಿಗೆ ಬಿಡುವ ವಿಧಾನ ಇದೆ. ಕಾಸರಗೋಡಿನ ಸಿಪಿಸಿಆರ್‌ಐಯಲ್ಲಿ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಳಿ. 1916ರಲ್ಲಿ ತೆಂಗಿನ ಸಂಶೋಧನೆಗೆ ಶುರುವಾದ ಜಾಗ ಅದು, ನಮ್ಮ ಬಾಗಿಲಲ್ಲೇ ಇದ್ದರೂ ನಾವು ಹೋಗಿ ಕೇಳುವುದು ಕಡಿಮೆ. ಬರುವ ಜೂನಿನಲ್ಲಿ, ಮೊದಲ ಮಳೆ ಬಿದ್ದ ವಾರಗಳಲ್ಲಿ, ಮುಸ್ಸಂಜೆ ಆರೂವರೆಯಿಂದ ಏಳೂಕಾಲರ ತನಕ ನೆಲದಿಂದ ದುಂಬಿಗಳು ಏಳುತ್ತವೆ. ಆಗಲೇ ಬಲೆಯಲ್ಲಿ ಹಿಡಿದು ಸಾಬೂನು ನೀರಿಗೆ ಹಾಕಿ.

ಮಂಜೇಶ್ವರದಿಂದ: ಎಷ್ಟು ದಿನಕ್ಕೊಮ್ಮೆ ಕತ್ತರಿಸಬೇಕು? ಕತ್ತರಿಸಿದ ಹುಲ್ಲು ದನಕ್ಕೆ ಹಾಕಬಹುದೇ?

ದಿನ ಎಣಿಸಬೇಡಿ, ಎತ್ತರ ನೋಡಿ. ಒಂದು ಸಲಕ್ಕೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆಗೆಯಬಾರದು. ಗರಿಕೆಯನ್ನು ಒಂದೂವರೆ ಇಂಚಿನಲ್ಲಿ ಇಡುವುದಾದರೆ ಎರಡೂಕಾಲು ಇಂಚು ಆದಾಗ ಕತ್ತರಿಸಿ. ಆಗಸ್ಟಿನಲ್ಲಿ ಅದು ವಾರಕ್ಕೇ ಬರಬಹುದು, ಜನವರಿಯಲ್ಲಿ ತಿಂಗಳಾದರೂ ಬಾರದು. ಅಗಲ ಎಲೆಯದನ್ನು ಎರಡು ಇಂಚಿನಲ್ಲಿ ಇಡಿ. ಒದ್ದೆ ಹುಲ್ಲು ಕತ್ತರಿಸಬೇಡಿ, ಎಲೆ ಹರಿದು ರೋಗ ಬರುತ್ತದೆ. ಮಳೆ ಬಿಡುವುದೇ ಇಲ್ಲ ಅನ್ನುವ ಜುಲೈಯಲ್ಲಿ ಎತ್ತರ ಬೆಳೆದರೆ ಬೆಳೆಯಲಿ, ಒಣಗಿದ ದಿನ ಎರಡು ಹಂತದಲ್ಲಿ ಇಳಿಸಿ. ಬ್ಲೇಡ್ ಹರಿತ ಇರಲಿ. ಒಂದೆರಡು ಸೆಂಟಿಗೆ ಪೆಟ್ರೋಲ್ ಯಂತ್ರ ಬೇಡ, ಕೈಯಲ್ಲಿ ದೂಡುವ ಸಿಲಿಂಡರ್ ಯಂತ್ರ ಸಾಕು. ಹೊಸ ಹುಲ್ಲಿಗೆ ಯಂತ್ರ ಇಳಿಸುವ ಮುಂಚೆ ಮುರಕಲ್ಲಿನ ಚೂರುಗಳನ್ನು ಹೆಕ್ಕಿ.

ದನಕ್ಕೆ ಹಾಕಬಹುದು. ಯೂರಿಯಾ ಎರಚಿದ ಮೇಲೆ ಎರಡು ಮೂರು ವಾರ ಹಾಕಬೇಡಿ. ವಿಷ ಹೊಡೆದಿದ್ದರೆ ಹಾಕಲೇಬೇಡಿ. ಹಟ್ಟಿ ಇಲ್ಲದವರು ಅದನ್ನು ತೆಳ್ಳಗೆ ಅಲ್ಲೇ ಉದುರಲು ಬಿಡಿ, ಗೊಬ್ಬರದ ಖರ್ಚು ಸ್ವಲ್ಪ ಉಳಿಯುತ್ತದೆ.